ಎಣಿಕೆಯೂ ಹೆಣಿಗೆಯೂ

(ನಮ್ಮ ಸಂಘದ ವಾರ್ಷಿಕೋತ್ಸವದ ಗೃಹಜೀವನ ಗೋಷ್ಠಿಯಲ್ಲಿ ದಂಪತಿಗಳಿಬ್ಬರ ಪರವಾಗಿ ಓದಿದ ಭಾಷಣ)



ಈ ವೇದಿಕೆಯಿಂದ ಸಾಹಿತ್ಯದ ಮಾತನ್ನೋ ಗಡಿಯ ಮಾತನ್ನೋ ಕೇಳುವುದು ತಮಗೆ ರೂಢಿ. ಮನೆವಾರ್ತೆಯ ನಾಲ್ಕು ಮಾತನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಕೊಡಿಸಿದಾಗ ನಾವಿಬ್ಬರೂ ಹಿಂಜರಿದೆವು. ನಮ್ಮ ಮಗನನ್ನು ತಾವೆಲ್ಲರೂ ಬಲ್ಲಿರಿ. ಸಭೆಯ ನಡುವೆ ಕಿವಿ ಮುಚ್ಚಿಕೊಂಡು ಎದ್ದೋಡುವ ಹುಡುಗ ಆತನೇ. ಕರೆದರೆ ತಿರುಗಿ ನೋಡದವನೂ, ಗ್ರಂಥಾಲಯದ ಪುಸ್ತಕಗಳನ್ನೆಲ್ಲ ಎತ್ತರದ ಕ್ರಮದಲ್ಲಿ ಜೋಡಿಸಿ ಗ್ರಂಥಪಾಲಕರಿಗೆ ವಾರದ ಕೆಲಸ ಹಚ್ಚಿದವನೂ ಆತನೇ. ಈಗ ಆತನಿಗೆ ಹತ್ತೊಂಬತ್ತು ವರ್ಷ.

ಈ ಸ್ಥಿತಿಗೆ ಆಟಿಸಂ ಎಂದು ಹೆಸರು. ಕನ್ನಡದಲ್ಲಿ ಸ್ವಲೀನತೆಯೆಂಬ ಮಾತು ಬಳಕೆಗೆ ಬಂದಿದೆ. ತನ್ನಲ್ಲಿಯೇ ಲೀನನಾದವನೆಂಬ ಅರ್ಥ ನಮಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ಹೊರಗಿನ ಸದ್ದು, ಬೆಳಕು, ಬಟ್ಟೆಯ ಒರಟು ಎಲ್ಲವೂ ಒಮ್ಮೆಗೇ ಆತನ ಮೇಲೆ ಬಂದು ಬೀಳುವುದನ್ನು ದಿನವೂ ಕಾಣುವ ನಮಗೆ, ಆತನು ತನ್ನಲ್ಲಿ ಮುಳುಗಿದ್ದಾನೆನ್ನುವುದಕ್ಕಿಂತ ಲೋಕದಲ್ಲಿ ಮುಳುಗಿ ಉಸಿರಿಗಾಗಿ ಮೇಲೇಳುತ್ತಿದ್ದಾನೆ ಎನ್ನಿಸುತ್ತದೆ. 1943ರಲ್ಲಿ ಅಮೆರಿಕೆಯ ಬಾಲ್ಟಿಮೋರಿನ ವೈದ್ಯ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳ ವೃತ್ತಾಂತವನ್ನು ಬರೆದು ಈ ಸ್ಥಿತಿಯನ್ನು ವಿದ್ವಾಂಸರ ಗಮನಕ್ಕೆ ತಂದರು. ಅನಂತರದ ಎರಡು ದಶಕಗಳಲ್ಲಿ, ತಾಯಿಯ ಎದೆ ತಣ್ಣಗಿರುವುದೇ ಇದಕ್ಕೆ ಕಾರಣವೆಂಬ ವಾದವು ಹಬ್ಬಿತು. 1964ರಲ್ಲಿ ಬರ್ನಾರ್ಡ್ ರಿಮ್‌ಲ್ಯಾಂಡ್ ಎಂಬ ಮನಶ್ಶಾಸ್ತ್ರಜ್ಞರು, ತಾವೇ ಇಂತಹ ಮಗನ ತಂದೆಯಾಗಿದ್ದವರು, ಇದು ಮಿದುಳಿನ ಬೆಳವಣಿಗೆಗೆ ಸೇರಿದ ಸಂಗತಿಯೆಂದು ಗ್ರಂಥವನ್ನೇ ಬರೆದು ಆ ವಾದವನ್ನು ಅಲ್ಲಗಳೆದರು. ಆದರೂ ನಮ್ಮ ನೆಂಟರಿಷ್ಟರಲ್ಲಿ ಆ ಗ್ರಂಥವನ್ನು ಓದಿದವರು ಕಡಿಮೆಯೆಂದು ತೋರುತ್ತದೆ. ಮಗನಿಗಾಗಿ ಇರುಳೆಲ್ಲ ಉಣ್ಣೆ ಹೆಣೆದ ಹೆಂಗಸಿಗೆ ಅವನ ಮೇಲೆ ಅಕ್ಕರೆ ಸಾಲದೆಂದು ಹೇಳಿದವರು ನಮ್ಮ ಹಜಾರದಲ್ಲಿಯೇ ಕುಳಿತು ಕಾಫಿ ಕುಡಿದಿದ್ದಾರೆ.

ನೀಲಗಿರಿಯ ಚಳಿಯಲ್ಲಿ ಹೆಣಿಗೆ ತಿಳಿಯದ ಮನೆ ವಿರಳವಷ್ಟೆ. ನಮ್ಮಲ್ಲಿ ಅದು ಬೇರೆಯೇ ಕಾರಣದಿಂದ ಬೆಳೆಯಿತು. ಅಂಗಡಿಯ ಕಾಲುಚೀಲದ ಬೆರಳ ಬಳಿಯ ಹೊಲಿಗೆ ತಾಗಿದರೆ ಹುಡುಗ ಕಿರಿಚುತ್ತಿದ್ದ. ಮೊಂಡುತನವೆಂದು ನಾವು ಮೊದಲು ಹೊಡೆದೆವು. ಈ ಮಾತನ್ನು ಮುಚ್ಚಿಟ್ಟು ಭಾಷಣ ಮಾಡುವುದು ತರವಲ್ಲ. ಮೂರು ಕಡ್ಡಿಗಳಲ್ಲಿ ಕುಣಿಕೆಗಳನ್ನು ಹಂಚಿಕೊಂಡು ನಾಲ್ಕನೆಯದರಿಂದ ಸುತ್ತುತ್ತ ಹೋದರೆ ಕೊಳವೆಯಂತೆ, ಹೊಲಿಗೆಯೇ ಇಲ್ಲದೆ, ಕಾಲುಚೀಲ ಇಳಿಯುತ್ತದೆಂಬುದು ಅಜ್ಜಿಗೆ ಗೊತ್ತಿತ್ತು. ಉಣ್ಣೆ ಚುಚ್ಚುವುದೆಂದು ಹತ್ತಿಯ ನೂಲು ತಂದೆವು. ಆ ಚೀಲ ತೊಟ್ಟ ದಿನ ಆತನು ಮೆಟ್ಟು ಹಾಕಿಕೊಂಡು ಪೇಟೆಯ ತನಕ ನಡೆದ.

ಭಾಷೆಯ ವಿಷಯ ಇನ್ನೂ ಕಷ್ಟದ್ದು. ಮಗುವಿಗೆ ನಾಲ್ಕು ವರ್ಷವಾಗಿದ್ದಾಗ ಒಬ್ಬ ತಜ್ಞರು, ಎರಡು ಭಾಷೆಗಳ ಭಾರ ಈತನಿಗೆ ತಾಳದು, ಶಾಲೆಯ ತಮಿಳೊಂದನ್ನೇ ಮನೆಯಲ್ಲಿಯೂ ಆಡಿರಿ ಎಂದು ವಿಧಿಸಿದರು. ಅವರಲ್ಲಿ ದುರುದ್ದೇಶವಿರಲಿಲ್ಲ. ನಾವು ಶಿರಸಾವಹಿಸಿ ಪಾಲಿಸಿದೆವು. ತಮಿಳು ಸೊಗಸಾದ ಭಾಷೆ. ನಮ್ಮ ಬಾಯಲ್ಲಿ ಮಾತ್ರ ಅದು ಲೆಕ್ಕದ ಪುಸ್ತಕದ ಭಾಷೆಯಾಯಿತು. ಗುಂಡ್ಲುಪೇಟೆಯ ಕಡೆಯಿಂದ ಸೊಸೆಯಾಗಿ ಬಂದ ಅಜ್ಜಿಗೆ ಸಂತೆಯ ತಮಿಳಿನಾಚೆಗೆ ಬಾರದು. ಮೊಮ್ಮಗನಿಗೆ ಕೆಡುಕಾದೀತೆಂದು ಆಕೆ ಎರಡು ವರ್ಷ ಆತನೊಡನೆ ಹೆಚ್ಚುಕಡಿಮೆ ಮೌನವಾಗಿಯೇ ಇದ್ದುಬಿಟ್ಟಳು. ಚಾಪೆಯ ಮೇಲೆ ಆತ ಗುಂಡಿಗಳನ್ನು ಸಾಲಿಡುವನು. ಪಕ್ಕದಲ್ಲಿ ಆಕೆ ಹೆಣೆಯುವಳು. ಹೆಣೆಯುವಾಗ ಮೆಲ್ಲಗೆ ಎಣಿಸುವಳು. ಎಣಿಕೆಯನ್ನು ಮಾತೆಂದು ನಾವಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಒಂದು ಸಂಜೆ, ಹದಿನೇಳು ಎಂದವಳು ಒಲೆಯ ಮೇಲಿನ ಹಾಲು ಉಕ್ಕಿತೆಂದು ಎದ್ದು ಒಳಗೆ ಹೋದಳು. ಚಾಪೆಯ ಮೇಲಿನಿಂದ "ಹದಿನೆಂಟು" ಎಂದು ಕೇಳಿಬಂತು. ಹಾಲು ಅಂದು ಪೂರ್ತಿ ಉಕ್ಕಿತು. ಆ ರಾತ್ರಿಯಿಂದ ನಮ್ಮ ಮನೆಯಲ್ಲಿ ಮತ್ತೆ ಕನ್ನಡ ಹರಿಯಿತು. ಎರಡು ಭಾಷೆಗಳ ನಡುವೆ ಬೆಳೆಯುವ ಸ್ವಲೀನ ಮಕ್ಕಳು ಒಂದೇ ಭಾಷೆಯವರಿಗಿಂತ ಮಾತಿನಲ್ಲಿ ಹಿಂದೆ ಬೀಳುವುದು ಕಂಡುಬರಲಿಲ್ಲವೆಂದು ಕೆನಡಾದ ಸಂಶೋಧಕರು 2012ರಲ್ಲಿ ಪ್ರಕಟಿಸಿದ್ದನ್ನು ನಾವು ಬಹಳ ತಡವಾಗಿ ಓದಿದೆವು. ಆ ಎರಡು ವರ್ಷಗಳ ಮಾತನ್ನು ಅಜ್ಜಿಗೆ ಹಿಂದಿರುಗಿಸುವ ಬಗೆ ನಮಗೆ ತಿಳಿಯದು. ಆಕೆ ಈಗಿಲ್ಲ.

ಹೆಣಿಗೆಯಿಂದ ಸ್ವಲೀನತೆ ವಾಸಿಯಾಗುವುದೆಂದು ಯಾರೂ ತಿಳಿಯಬಾರದು. ಇದು ವಾಸಿಯಾಗುವ ರೋಗವಲ್ಲ. ಆತನ ಮಾತು ಇಂದಿಗೂ ಮಿತ. ಸ್ನಾನಕ್ಕೆ, ರಸ್ತೆ ದಾಟುವುದಕ್ಕೆ ಆಸರೆ ಬೇಕು. ನಿದ್ದೆಗೆಟ್ಟ ರಾತ್ರಿಗಳು ಇನ್ನೂ ಮುಗಿದಿಲ್ಲ. ಹನ್ನೊಂದನೆಯ ವಯಸ್ಸಿನಲ್ಲಿ ಕಡ್ಡಿ ಹಿಡಿದವನು ಒಂದು ಸಾಲನ್ನು ನೆಟ್ಟಗೆ ಮುಗಿಸಲು ಎರಡು ಚಳಿಗಾಲ ಹಿಡಿಯಿತು. ಆತನು ಸೀದಾ ಹೆಣಿಗೆಯನ್ನಷ್ಟೇ ಹಾಕುತ್ತಾನೆ. ಉಲ್ಟಾ ಹಾಕೆಂದರೆ ಕಡ್ಡಿಯನ್ನು ಕೆಳಗಿಡುತ್ತಾನೆ. ಬಲ್ಲ ಸೋದರಿಯರಿಗೆ ತಿಳಿದಂತೆ, ಎಲ್ಲ ಸಾಲುಗಳೂ ಸೀದಾ ಆದರೆ ಬಟ್ಟೆಯ ಎರಡು ಮೈಯೂ ಒಂದೇ ತೆರನಾಗಿರುತ್ತದೆ, ಅಂಚು ಸುರುಳಿಗೊಳ್ಳುವುದೂ ಇಲ್ಲ. ಮಫ್ಲರಿಗೆ ಅದಕ್ಕಿಂತ ಒಳ್ಳೆಯ ಹೆಣಿಗೆಯನ್ನು ನಾವೂ ಕಾಣೆವು. ನಮ್ಮ ಬೆಟ್ಟದ ತೋಡ ಹೆಂಗಸರು ಗೀಟೆಳೆಯದೆ, ಚೌಕಟ್ಟು ಹಿಡಿಯದೆ, ಎಳೆಯನ್ನು ಎಣಿಸಿ ಎಣಿಸಿಯೇ ಕೆಂಪು ಕಪ್ಪು ಕಸೂತಿ ಹಾಕುವುದನ್ನು ಆತನು ಗಂಟೆಗಟ್ಟಲೆ ನಿಂತು ನೋಡಿದ್ದುಂಟು. 2013ರಲ್ಲಿ ಆ ಕಸೂತಿಗೆ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಅಲ್ಲಿ ಯಾರೂ ಆತನನ್ನು ಏನೂ ಕೇಳಲಿಲ್ಲವೆಂಬುದು ಆ ದಿನದ ದೊಡ್ಡ ಸುಖ.

ಮಗಳ ಮಾತನ್ನು ಬಿಡಲಾಗದು. ಒಮ್ಮೆ ಆಕೆ, "ನನಗೊಂದು ಸ್ವೆಟರ್ ಹೆಣೆದು ಎಷ್ಟು ವರ್ಷವಾಯಿತು?" ಎಂದಳು. ಲೆಕ್ಕ ಹಾಕಿದೆವು, ಆರು. ಆಕೆ ಆ ಹೊತ್ತಿಗೆ ಅಮ್ಮನ ಹಳೆಯದನ್ನೇ ತೋಳು ಮಡಿಸಿ ತೊಡುತ್ತಿದ್ದಳು.

ಕಾಯಿದೆಯ ವಿಷಯ ಚುಟುಕಾಗಿ ಹೇಳುತ್ತೇವೆ. 1995ರ ಅಂಗವಿಕಲರ ಕಾಯಿದೆಯ ಪಟ್ಟಿಯಲ್ಲಿ ಸ್ವಲೀನತೆ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸದ ಕಾಯಿದೆಯಲ್ಲಿ ಬಂತು. 2016ರ ಕಾಯಿದೆಯ ಇಪ್ಪತ್ತೊಂದು ಬಗೆಗಳಲ್ಲಿ ಸೇರಿತು. ಪ್ರಮಾಣಪತ್ರ ಮಾಡಿಸದ ಮನೆಗಳು ನಮ್ಮಲ್ಲಿ ಇದ್ದರೆ ದಯವಿಟ್ಟು ನಾಚಬೇಡಿರಿ. ಅರ್ಜಿ ತುಂಬಲು ನಾವು ಜೊತೆಗೆ ಬರುತ್ತೇವೆ. ಒಂದು ಶಾಲೆಯವರು ಇತರ ಮಕ್ಕಳಿಗೆ ತೊಂದರೆಯೆಂದು ಆತನನ್ನು ಹಿಂದಕ್ಕೆ ಕಳುಹಿಸಿದ್ದರು. ಸಂಘದ ಭಾನುವಾರದ ಕನ್ನಡ ತರಗತಿಯಲ್ಲಿ ಇಂತಹ ಮಕ್ಕಳಿಗಾಗಿ ಬಾಗಿಲ ಬಳಿ ಒಂದು ಚಾಪೆ ಹಾಸಿಡಬೇಕೆಂದೂ, ಸಭೆಗಳಲ್ಲಿ ಧ್ವನಿವರ್ಧಕದ ಸದ್ದನ್ನು ಒಂದಿಷ್ಟು ತಗ್ಗಿಸಬೇಕೆಂದೂ ಅಧ್ಯಕ್ಷರಲ್ಲಿ ಅರಿಕೆ ಮಾಡುತ್ತೇವೆ.

ಹೊರಗಿನ ಕರಕುಶಲದ ಮೇಜಿನಲ್ಲಿ ಆತನ ಹನ್ನೆರಡು ಮಫ್ಲರುಗಳಿವೆ. ಒಂದೊಂದಕ್ಕೂ ಇಪ್ಪತ್ತೆಂಟು ಕುಣಿಕೆ. ನೀಲಿಯದರಲ್ಲಿ ಒಂದೆಡೆ ಇಪ್ಪತ್ತೇಳಾಗಿದೆ. ಅದನ್ನು ಮಾರಕೂಡದೆಂದು ಆತನ ಆಜ್ಞೆ, ನೋಡಬಹುದು. ಬೆಲೆಯನ್ನು ಚೀಟಿಯಲ್ಲಿ ಬರೆದಿದೆ. ಚೌಕಾಸಿ ಮಾಡಿದರೆ ಆತನು ಉತ್ತರಿಸುವುದಿಲ್ಲ. ಹಣವನ್ನು ಕೈಗೆ ಕೊಡದೆ ತಟ್ಟೆಯಲ್ಲಿ ಇಡಿರಿ, ಹಿಂದಿನಿಂದ ಬಂದು ಬೆನ್ನು ತಟ್ಟಬೇಡಿರಿ.