ಬೈಕಿನ ಕೀಲಿ ಕೈಗಿಡುವ ಮುನ್ನ

(ಹೆಗ್ಗನಹಳ್ಳಿಯಲ್ಲಿ ಯುವಕರು ಮತ್ತು ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಹೆಗ್ಗನಹಳ್ಳಿ ದುಡಿಯುವವರ ಊರು. ಪೀಣ್ಯದ ಕಾರ್ಖಾನೆಗಳಲ್ಲಿ, ಗಾರ್ಮೆಂಟ್ಸ್‌ಗಳಲ್ಲಿ, ಸಣ್ಣ ವರ್ಕ್‌ಶಾಪ್‌ಗಳಲ್ಲಿ ಬೆವರು ಸುರಿಸುವವರ ಮನೆಗಳೇ ಇಲ್ಲಿ ಹೆಚ್ಚು. ಈ ಮನೆಗಳ ಮುಂದೆ ಇಂದು 400 ಸಿಸಿ, 650 ಸಿಸಿ ಸಾಮರ್ಥ್ಯದ ಬೈಕುಗಳೂ ನಿಲ್ಲತೊಡಗಿವೆ. ಅದನ್ನು ನಾವು ದೂರುವುದಿಲ್ಲ. ನ್ಯಾಯವಾಗಿ ದುಡಿದವನು ತನಗಿಷ್ಟವಾದ ವಾಹನ ಕೊಳ್ಳುವುದು ಅಪರಾಧವೇನಲ್ಲ. ಆದರೆ ಬೈಕಿನ ಬಣ್ಣವನ್ನೂ ಸದ್ದನ್ನೂ ಗಂಟೆಗಟ್ಟಲೆ ಚರ್ಚಿಸುವ ನಾವು, ಅದರ ವಿಮೆಯ ಕಾಗದವನ್ನು ಒಮ್ಮೆಯಾದರೂ ಓದಿದ್ದೇವೆಯೇ? ಇಂದಿನ ಮಾತು ಇಷ್ಟರ ಕುರಿತೇ ಆಗಿದೆ.

ನಮ್ಮಲ್ಲಿ ಬಲವಾಗಿ ಬೇರೂರಿರುವ ಒಂದು ತಪ್ಪು ಕಲ್ಪನೆಯಿದೆ. 2018ರ ಸೆಪ್ಟೆಂಬರ್ 1ರಿಂದ, ಸುಪ್ರೀಮ್ ಕೋರ್ಟಿನ ಆದೇಶದಂತೆ, ಹೊಸ ದ್ವಿಚಕ್ರ ವಾಹನಕ್ಕೆ 5 ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಯಿತು. ಆದ್ದರಿಂದ 5 ವರ್ಷ ನಿಶ್ಚಿಂತೆ ಎಂದು ಹಲವರು ಭಾವಿಸಿದ್ದಾರೆ. ವಾಸ್ತವದಲ್ಲಿ ಆ 5 ವರ್ಷದ ರಕ್ಷಣೆ ನಮ್ಮ ಬೈಕಿಗಲ್ಲ, ನಮ್ಮ ಬೈಕಿನಿಂದ ನೊಂದವನಿಗೆ. ಬೈಕು ಕಳವಾದರೆ, ಜಖಂ ಆದರೆ ಹಣ ಕೊಡುವ ಸ್ವಂತ ಹಾನಿಯ ವಿಮೆ ಸಾಮಾನ್ಯವಾಗಿ ಮೊದಲ ವರ್ಷಕ್ಕೆ ಮಾತ್ರ ಇರುತ್ತದೆ. ಅದನ್ನು ನವೀಕರಿಸದವನ ಬೈಕು ಎರಡನೇ ವರ್ಷ ಕಳವಾದರೆ ಅವನ ಕೈಗೆ ಬಿಡಿಗಾಸೂ ಬರುವುದಿಲ್ಲ. ಸಾಲದ ಕಂತು ಮಾತ್ರ ತಪ್ಪದೆ ಬರುತ್ತದೆ.

ಸ್ವಂತ ಹಾನಿಯ ವಿಮೆ ಇದ್ದರೂ ಷರತ್ತುಗಳಿವೆ. ಬೈಕಿನ ವಿಮಾ ಮೌಲ್ಯ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಪ್ಲಾಸ್ಟಿಕ್ ಮತ್ತು ರಬ್ಬರ್ ಬಿಡಿಭಾಗಗಳ ಬೆಲೆಯಲ್ಲಿ ಅರ್ಧದಷ್ಟನ್ನು ಸವಕಳಿಯೆಂದು ಕಳೆಯಲಾಗುತ್ತದೆ. ಮೈತುಂಬ ಪ್ಲಾಸ್ಟಿಕ್ ಕವಚ ಹೊದ್ದ ದುಬಾರಿ ಬೈಕುಗಳಿಗೆ ಇದು ದೊಡ್ಡ ಮೊತ್ತವೇ ಸರಿ. ರೇಸ್ ಮತ್ತು ವೇಗ ಪರೀಕ್ಷೆ ವಿಮೆಯ ವ್ಯಾಪ್ತಿಗೆ ಬರುವುದಿಲ್ಲ. ಹಳೆಯ ಬೈಕ್ ಕೊಂಡವರು 14 ದಿನಗಳೊಳಗೆ ವಿಮೆಯನ್ನು ತಮ್ಮ ಹೆಸರಿಗೆ ಬದಲಿಸಲು ಅರ್ಜಿ ಕೊಡಬೇಕು. ಮಾರಿದವರೂ ಎಚ್ಚರದಿಂದಿರಬೇಕು. ಆರ್‌ಸಿಯಲ್ಲಿ ಹೆಸರು ಬದಲಾಗುವ ತನಕ ಕಾನೂನಿನ ಕಣ್ಣಿಗೆ ಅವರೇ ಮಾಲೀಕರೆಂದು 2018ರಲ್ಲಿ ಸುಪ್ರೀಮ್ ಕೋರ್ಟ್ ಸ್ಪಷ್ಟಪಡಿಸಿದೆ.

ಇನ್ನು ಸವಾರನ ವಿಷಯ. ಅವನು ಸತ್ತರೆ ಮನೆಯವರಿಗೆ ಏನು ಸಿಗುತ್ತದೆ? ನಮ್ಮ ರಾಜ್ಯದ್ದೇ ಎರಡು ಪ್ರಕರಣಗಳನ್ನು ನೋಡೋಣ. ಇಳಕಲ್–ಕುಷ್ಟಗಿ ಹೆದ್ದಾರಿಯಲ್ಲಿ ಒಬ್ಬರು ಪರರಿಂದ ಕೇಳಿ ಪಡೆದ ಬೈಕಿನಲ್ಲಿ ಹೋಗುತ್ತಿದ್ದಾಗ ಎತ್ತಿನ ಗಾಡಿಗೆ ಬಡಿದು ಅಸುನೀಗಿದರು. ಬೈಕನ್ನು ಎರವಲು ಪಡೆದವನು ಮಾಲೀಕನ ಸ್ಥಾನದಲ್ಲೇ ನಿಲ್ಲುತ್ತಾನೆ, ಆದ್ದರಿಂದ ತಪ್ಪು ಯಾರದೆಂದು ನೋಡದೆ ಪರಿಹಾರ ಕೊಡುವ ಅಂದಿನ 163ಎ ಕಲಮು ಇಲ್ಲಿ ಅನ್ವಯಿಸದು ಎಂದು ಸುಪ್ರೀಮ್ ಕೋರ್ಟ್ 2009ರಲ್ಲಿ ಹೇಳಿತು. ಇನ್ನೊಂದು, 2014ರಲ್ಲಿ ಅರಸೀಕೆರೆಯ ದಾರಿಯಲ್ಲಿ ಸಂಭವಿಸಿದ ಕಾರು ಅಪಘಾತ. ಅತಿವೇಗದಿಂದ ಚಲಾಯಿಸಿ ಮೃತಪಟ್ಟವರ ಕುಟುಂಬ 80 ಲಕ್ಷ ರೂಪಾಯಿ ಕೇಳಿತ್ತು. ಸ್ವಂತ ದುಡುಕಿನಿಂದಾದ ಸಾವಿಗೆ ವಿಮಾ ಕಂಪೆನಿ ಹೊಣೆಯಲ್ಲ ಎಂಬ ಹೈಕೋರ್ಟಿನ ತೀರ್ಪಿನಲ್ಲಿ ಮಧ್ಯ ಪ್ರವೇಶಿಸಲು 2025ರ ಜುಲೈಯಲ್ಲಿ ಸುಪ್ರೀಮ್ ಕೋರ್ಟ್ ನಿರಾಕರಿಸಿತು. ದುಡುಕಿದವನು ಹೋದ. ಅದರ ಬೆಲೆ ತೆರುವವರು ಹೆಂಡತಿ ಮಕ್ಕಳು.

ಮಾಲೀಕ ಸವಾರನಿಗೆಂದು 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ರಕ್ಷಣೆ ಇದೆ. ಅದು ದೊರೆಯಲು ಅವನಲ್ಲಿ ಚಾಲ್ತಿಯಲ್ಲಿರುವ ಲೈಸೆನ್ಸ್ ಇರಬೇಕು. ನಮ್ಮಲ್ಲಿ ಬೈಕು ತಂದೆಯ ಹೆಸರಿನಲ್ಲಿರುತ್ತದೆ, ಸಾಲವೂ ತಂದೆಯದೇ, ಓಡಿಸುವವನು ಮಾತ್ರ ಮಗ. ಹೀಗಿರುವಾಗ ಮಗನ ಹೆಸರಿನಲ್ಲಿ ಪ್ರತ್ಯೇಕ ಅಪಘಾತ ವಿಮೆ ಇದೆಯೇ ಎಂದು ವಿಚಾರಿಸುವುದು ತಂದೆಯ ಕರ್ತವ್ಯವಲ್ಲವೇ? ಬೇರೇನೂ ಸಾಧ್ಯವಿಲ್ಲದಿದ್ದರೆ, ಬ್ಯಾಂಕ್ ಖಾತೆಯಿರುವ 18ರಿಂದ 70 ವರ್ಷದವರಿಗೆ ಪ್ರಧಾನ ಮಂತ್ರಿ ಸುರಕ್ಷಾ ಬೀಮಾ ಯೋಜನೆಯಿದೆ. 2022ರಲ್ಲಿ ನಿಗದಿಯಾದಂತೆ ವರ್ಷಕ್ಕೆ 20 ರೂಪಾಯಿ ಕಟ್ಟಿದರೆ ಅಪಘಾತದ ಸಾವಿಗೆ 2 ಲಕ್ಷ ರೂಪಾಯಿ ದೊರೆಯುತ್ತದೆ.

ವಿಮೆಯೇ ಧರ್ಮಸಮ್ಮತವಲ್ಲವೆಂಬ ಅಳುಕು ನಮ್ಮಲ್ಲಿ ಕೆಲವರಿಗಿದೆ. ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. 1985ರಲ್ಲಿ ಜಿದ್ದಾದ ಇಸ್ಲಾಮೀ ಫಿಕ್ಹ್ ಅಕಾಡೆಮಿಯು ವಾಣಿಜ್ಯ ವಿಮೆಯನ್ನು ಒಪ್ಪದೆ, ಪರಸ್ಪರ ಸಹಕಾರದ ವಿಮೆಯನ್ನು ಅನುಮತಿಸಿತು. ಮಲೇಷ್ಯಾ 1984ರಲ್ಲೇ ಅಂತಹ ತಕಾಫುಲ್ ಪದ್ಧತಿಗೆ ಕಾನೂನು ರೂಪಿಸಿತ್ತು. ಆದರೆ ಬಡ್ಡಿಯ ಸಾಲದಲ್ಲಿ ಬೈಕು ಕೊಳ್ಳುವಾಗ ಇಲ್ಲದ ಅಳುಕು, ವಿಮೆ ನವೀಕರಿಸುವಾಗ ಮಾತ್ರ ಏಕೆ ಮೂಡುತ್ತದೆ? ಥರ್ಡ್ ಪಾರ್ಟಿ ವಿಮೆಯಿಂದ ನಮಗೆ ಯಾವ ಲಾಭವೂ ಇಲ್ಲ. ನಮ್ಮ ಚಕ್ರದಡಿ ಸಿಕ್ಕ ಪಾದಚಾರಿಯ, ಅವನ ಅನಾಥ ಮಕ್ಕಳ ಹಕ್ಕು ಅದು. ಪರರ ಹಕ್ಕು ಕಸಿದವನಿಗೆ ಆ ಪರರೇ ಕ್ಷಮಿಸುವ ತನಕ ಬಿಡುಗಡೆಯಿಲ್ಲವೆಂದು ನಾವು ನಂಬಿದವರಲ್ಲವೇ? 2022ರ ಜೂನ್‌ನಲ್ಲಿ ಜಾರಿಗೆ ಬಂದ ದರದಂತೆ 350 ಸಿಸಿ ಮೀರಿದ ಬೈಕಿಗೆ ಇದರ ವಾರ್ಷಿಕ ಕಂತು, ತೆರಿಗೆ ಬಿಟ್ಟು, 2804 ರೂಪಾಯಿ. ಲಕ್ಷಗಟ್ಟಲೆ ಬೆಲೆಯ ಬೈಕು ಕೊಂಡವನಿಗೆ ಇದು ಹೊರೆಯಾಗದು. ವಿಮೆಯಿಲ್ಲದಿದ್ದರೆ ನ್ಯಾಯಮಂಡಳಿ ವಿಧಿಸುವ ಪರಿಹಾರಕ್ಕೆ ಮನೆ ಮಾರಬೇಕಾದೀತು.

ಆದರೂ ಜೀವವನ್ನು ಉಳಿಸುವುದು ಕಾಗದವಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬೈಕು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ವೇಗ ಇಮ್ಮಡಿಯಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. ಯುರೋಪಿನ ದೇಶಗಳಲ್ಲಿ ಹೊಸ ಸವಾರನು ಸಣ್ಣ ಬೈಕಿನಿಂದ ಮಧ್ಯಮಕ್ಕೆ, ಅಲ್ಲಿಂದ ದೊಡ್ಡದಕ್ಕೆ ಹಂತ ಹಂತವಾಗಿ ಏರುವ ಲೈಸೆನ್ಸ್ ಪದ್ಧತಿಯಿದೆ. ನೇರವಾಗಿ ದೊಡ್ಡ ಬೈಕಿನ ಲೈಸೆನ್ಸ್ ಬೇಕೆಂದರೆ ಸಾಮಾನ್ಯವಾಗಿ 24 ವರ್ಷ ತುಂಬಿರಬೇಕು. ನಮ್ಮ ದೇಶದಲ್ಲಿ ಗೇರ್ ಬೈಕಿನ ಲೈಸೆನ್ಸ್ ಒಂದೇ. 100 ಸಿಸಿಗೂ ಅದೇ, 1000 ಸಿಸಿಗೂ ಅದೇ. ಕಾನೂನು ಕಟ್ಟದ ಮೆಟ್ಟಿಲುಗಳನ್ನು ಮನೆಯವರೇ ಕಟ್ಟಬೇಕಾಗಿದೆ.

18 ತುಂಬದ ಮಗನಿಗೆ ಕೀಲಿ ಕೊಡುವ ತಂದೆ ಇದನ್ನು ನೆನಪಿಡಲಿ: 2019ರ ತಿದ್ದುಪಡಿಯ ಪ್ರಕಾರ, ಅಪ್ರಾಪ್ತನು ವಾಹನ ಚಲಾಯಿಸಿ ಅಪರಾಧವೆಸಗಿದರೆ ಪೋಷಕನಿಗೆ ಅಥವಾ ಮಾಲೀಕನಿಗೆ 3 ವರ್ಷಗಳ ವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡವಿದೆ. ಆ ಹುಡುಗನಿಗೆ 25 ವರ್ಷ ತುಂಬುವ ತನಕ ಲೈಸೆನ್ಸ್ ಸಿಗುವುದಿಲ್ಲ. ಹಬ್ಬದ ರಾತ್ರಿ ವರ್ತುಲ ರಸ್ತೆಯಲ್ಲಿ ಮುಂದಿನ ಚಕ್ರ ಎತ್ತಿ ಓಡುವವರನ್ನು ಕಂಡು, "ಹುಡುಗರು ಹಾಗೆಯೇ" ಎಂದು ನಕ್ಕು ಬಿಡುವವರೂ ಆ ಪಾಪದಲ್ಲಿ ಪಾಲುದಾರರೇ.

ಆದ್ದರಿಂದ ಪ್ರಿಯರೇ, ಇಂದು ಮನೆಗೆ ಹೋದ ಕೂಡಲೇ ಬೈಕಿನ ವಿಮೆಯ ಕಾಗದ ತೆಗೆದು ಮೂರು ಸಂಗತಿ ನೋಡಿ. ಥರ್ಡ್ ಪಾರ್ಟಿ ವಿಮೆ ಎಂದಿನ ತನಕ ಇದೆ? ಸ್ವಂತ ಹಾನಿಯ ವಿಮೆ ಎಂದು ಮುಗಿಯಿತು? ಓಡಿಸುವವನ ಹೆಸರಿಗೆ ಅಪಘಾತ ರಕ್ಷಣೆ ಇದೆಯೇ? ಉತ್ತರ ಸಿಗುವ ತನಕ ಕೀಲಿ ಮೊಳೆಯಲ್ಲೇ ತೂಗಲಿ. ಮಗ ಒಂದು ದಿನ ಮುನಿಸಿಕೊಂಡಾನು. ಆ ಮುನಿಸನ್ನು ಸಹಿಸುವ ಶಕ್ತಿ ಪ್ರತಿಯೊಬ್ಬ ತಾಯಿಗೂ ಇದೆ. ಬಾಗಿಲಿಗೆ ಬರುವ ಆ್ಯಂಬುಲೆನ್ಸನ್ನು ಸಹಿಸುವ ಶಕ್ತಿ ಯಾವ ತಾಯಿಗಿದೆ?