ಕಾಲಯಂತ್ರಕ್ಕೆ ಪಿಟೀಲು ಯಾಕೆ?



ಒಂದು ವೈಜ್ಞಾನಿಕ ಚಲನಚಿತ್ರ, ಅದರ ಹಿನ್ನೆಲೆ ಸಂಗೀತ, ಮತ್ತು ಅವೆರಡರ ಬಗ್ಗೆ ನಮ್ಮ ಗಾಂಧಿಪುರಂ ಸುತ್ತಮುತ್ತ ಮೂವತ್ತು ವರ್ಷ ದಾಟಿದರೂ ಮುಗಿಯದ ಒಂದು ವಾದ. ಈ ಹೊತ್ತು ನಿಮ್ಮೊಡನೆ ಹಂಚಿಕೊಳ್ಳಬೇಕೆಂದಿರುವ ವಿಷಯ ಇದು. ನಾನು ಸಂಗೀತ ವಿದ್ವಾಂಸನಲ್ಲ. ಮೆಟ್ರಿಕ್ ಮುಗಿಸಿ ಬ್ಯಾಂಕಿನ ಗುಮಾಸ್ತನಾಗಿ ಸೇರಿ, ಗುಮಾಸ್ತನಾಗಿಯೇ ನಿವೃತ್ತನಾದವನು. ಜಮೆಯನ್ನು ಒಂದು ಕಡೆ, ಖರ್ಚನ್ನು ಇನ್ನೊಂದು ಕಡೆ ಬರೆದು ಸಂಜೆ ತಾಳೆ ನೋಡುವುದು ನನ್ನ ಕೈಯ ಅಭ್ಯಾಸ. ಅಭಿಮಾನಿಗಳ ಮಾತುಗಳನ್ನೂ ಹಾಗೆಯೇ ಎದುರುಬದುರಾಗಿ ಬರೆದು ನೋಡೋಣ.

ಚಿತ್ರದ ಹೆಸರು ‘ಆದಿತ್ಯ 369’. 1991ರ ಜುಲೈ ತಿಂಗಳಲ್ಲಿ ತೆಲುಗಿನಲ್ಲಿ ತೆರೆಕಂಡಿತು. ತಮಿಳಿಗೆ ಡಬ್ ಆಗಿ ‘ಅಪೂರ್ವ ಶಕ್ತಿ 369’ ಎಂಬ ಹೆಸರಿನಲ್ಲಿ ಬಂದಿತು. ನಿರ್ದೇಶಕರು ಸಿಂಗೀತಂ ಶ್ರೀನಿವಾಸರಾವ್, ಸಂಗೀತ ಇಳಯರಾಜಾ, ನಾಯಕ ನಂದಮೂರಿ ಬಾಲಕೃಷ್ಣ. ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಒಬ್ಬ ಪ್ರೊಫೆಸರು ಕಾಲದಲ್ಲಿ ಹಿಂದಕ್ಕೂ ಮುಂದಕ್ಕೂ ಹೋಗುವ ಯಂತ್ರವೊಂದನ್ನು ಕಟ್ಟುತ್ತಾರೆ. ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿರುವ, ಕೃಷ್ಣದೇವರಾಯನ ಕಾಲದ ವಜ್ರವೊಂದರ ಮೇಲೆ ಕಳ್ಳರ ಕಣ್ಣು ಬೀಳುತ್ತದೆ. ಈ ಗದ್ದಲದಲ್ಲಿ ನಾಯಕ, ನಾಯಕಿ ಇಬ್ಬರೂ ಯಂತ್ರ ಹತ್ತಿ 1526ನೆಯ ಇಸವಿಗೆ, ವಿಜಯನಗರದ ಆಸ್ಥಾನಕ್ಕೆ ಹೋಗಿ ಬೀಳುತ್ತಾರೆ. ಅಲ್ಲಿಂದ 2504ನೆಯ ಇಸವಿಗೆ. ಆಗ ಮಹಾಯುದ್ಧವೊಂದರಲ್ಲಿ ಭೂಮಿ ಹಾಳಾಗಿ, ಉಳಿದ ಜನ ನೆಲದೊಳಗೆ ಬದುಕುತ್ತಿರುತ್ತಾರೆ. ಎಚ್.ಜಿ. ವೆಲ್ಸ್ ಎಂಬ ಇಂಗ್ಲಿಷ್ ಲೇಖಕರು 1895ರಲ್ಲಿ ಬರೆದ ‘ದಿ ಟೈಮ್ ಮೆಷಿನ್’ ಕಾದಂಬರಿ ಇದಕ್ಕೆ ಸ್ಫೂರ್ತಿ.

ತೆಲುಗು ಚಿತ್ರದ ಮಾತು ಕನ್ನಡದ ಕಾರ್ಯಕ್ರಮದಲ್ಲಿ ಯಾಕೆ ಎಂದು ನೀವು ಕೇಳಬಹುದು. ಕಾರಣ ಉಂಟು. ಈ ಸಿಂಗೀತಂ ಅವರೇ ನಮ್ಮ ಡಾ. ರಾಜಕುಮಾರ್ ಅವರ ‘ಹಾಲು ಜೇನು’, ‘ಚಲಿಸುವ ಮೋಡಗಳು’, ‘ಶ್ರಾವಣ ಬಂತು’ ಚಿತ್ರಗಳನ್ನು ನಿರ್ದೇಶಿಸಿದವರು. ರಾಜಕುಮಾರ್ ಅವರ ಗಾಜನೂರು ತಾಳವಾಡಿಯ ಪಕ್ಕದ ಊರು. ನಕ್ಷೆಯಲ್ಲಿ ತಮಿಳುನಾಡು, ಮನೆಮಾತಿನಲ್ಲಿ ಕನ್ನಡ. ಇನ್ನು ಇಳಯರಾಜಾ. 1976ರಲ್ಲಿ ‘ಅನ್ನಕ್ಕಿಳಿ’ಯಿಂದ ಹೆಸರಾಗುವ ಮೊದಲು ಅವರು ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿ ಕೆಲಸ ಮಾಡುತ್ತಿದ್ದರು. ‘ಕಸ್ತೂರಿ ನಿವಾಸ’, ‘ಬಂಗಾರದ ಮನುಷ್ಯ’ ಚಿತ್ರಗಳ ಸಂಗೀತ ನಿರ್ದೇಶಕರು ಅವರೇ. ಅಂದರೆ ಇಳಯರಾಜಾ ಅವರ ಪಾಠಶಾಲೆಯ ಒಂದು ಕೊಠಡಿ ಕನ್ನಡದ್ದು. ಮೂರನೆಯದಾಗಿ, ಯಂತ್ರ ಹೋಗಿ ಇಳಿಯುವ ಊರು ಹಂಪೆ. ಇನ್ನೇನು ಬೇಕು?

ಈಗ ವಾದಕ್ಕೆ ಬರೋಣ. ಮೊದಲನೆಯದು ಹಾಡಿನ ಪಕ್ಷ. ಚಿತ್ರದ ಜೀವ ಹಾಡುಗಳಲ್ಲೇ ಇದೆ, ಉಳಿದದ್ದು ಬರಿಯ ಸದ್ದು ಎನ್ನುವವರು ಇವರು. ಇವರ ಕೈಯಲ್ಲಿ ಬಲವಾದ ಸಾಕ್ಷಿಯೂ ಇದೆ. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಜೊತೆಯಲ್ಲಿ ಐವತ್ತರ ದಶಕದ ಗಾಯಕಿ ಜಿಕ್ಕಿಯವರ ದನಿಯನ್ನು ಮತ್ತೆ ಕೇಳಿಸಿದ ಚಿತ್ರ ಇದು. ಹಳೆಯ ಕಾಲಕ್ಕೆ ಹೋಗುವ ಕಥೆಗೆ ಹಳೆಯ ಕಾಲದ ಕಂಠವನ್ನೇ ಕರೆತಂದ ಜಾಣತನವನ್ನು ಯಾರೂ ಅಲ್ಲಗಳೆಯಲಾರರು.

ಆದರೆ ಒಂದು ಮಾತು ನೆನಪಿಡಿ. ಆ ದಿನಗಳಲ್ಲಿ ಕ್ರಾಸ್‌ಕಟ್ ರಸ್ತೆಯ ಕಡೆ ಹೋದರೆ, ಹಾಡುಗಳ ಪಟ್ಟಿ ಬರೆದುಕೊಟ್ಟು 60 ನಿಮಿಷದ ಕ್ಯಾಸೆಟ್ಟಿಗೆ ತುಂಬಿಸಿಕೊಳ್ಳಬಹುದಿತ್ತು. ಹಿನ್ನೆಲೆ ಸಂಗೀತ ಕ್ಯಾಸೆಟ್ಟಿನಲ್ಲಿ ಬರುತ್ತಿರಲಿಲ್ಲ. ಅದನ್ನು ಮತ್ತೊಮ್ಮೆ ಕೇಳಬೇಕಾದರೆ ಮತ್ತೊಂದು ಟಿಕೆಟ್ಟು ಕೊಳ್ಳಬೇಕು. ಹಾಡು ಮನೆಗೆ ಬಂದಿತು, ಹಿನ್ನೆಲೆ ಟಾಕೀಸಿನಲ್ಲೇ ಉಳಿಯಿತು. ಹಾಡಿನ ಪಕ್ಷ ದೊಡ್ಡದಾದದ್ದಕ್ಕೆ ಅರ್ಧ ಕಾರಣ ಇದು. ಮನೆಯಲ್ಲಿ ಇಲ್ಲದವರ ಪರವಾಗಿ ಮಾತನಾಡುವವರು ಯಾವಾಗಲೂ ಕಡಿಮೆ.

ಎರಡನೆಯದು ಯಂತ್ರದ ಪಕ್ಷ. ಇವರ ಪ್ರಶ್ನೆ ನೇರವಾದದ್ದು: ಕಾಲಯಂತ್ರಕ್ಕೆ ಪಿಟೀಲು ಯಾಕೆ? ಗುಂಡಿ, ದೀಪ, ಚಕ್ರ ಇರುವ ಯಂತ್ರಕ್ಕೆ ಯಂತ್ರದ ಸದ್ದೇ ಇರಲಿ, ಸಿಂಥಸೈಜರ್ ಸಾಕು ಎಂದು ಅವರ ವಾದ. ಇದೇನೂ ಹಗುರವಾದ ಮಾತಲ್ಲ. ಅಮೆರಿಕದಲ್ಲಿ 1956ರಲ್ಲೇ ‘ಫರ್ಬಿಡನ್ ಪ್ಲಾನೆಟ್’ ಎಂಬ ಚಿತ್ರಕ್ಕೆ ಲೂಯಿ ಮತ್ತು ಬೀಬಿ ಬ್ಯಾರನ್ ದಂಪತಿ ಪೂರ್ತಿಯಾಗಿ ವಿದ್ಯುತ್ ಉಪಕರಣಗಳಿಂದಲೇ ನಾದ ಕೂಡಿಸಿಕೊಟ್ಟರು. ಒಂದು ವಾದ್ಯವೂ ಇಲ್ಲ. ಕೇಳಿದರೆ ಬೇರೆ ಲೋಕಕ್ಕೆ ಹೋದಂತೆಯೇ ಇರುತ್ತದೆ.

ಇದಕ್ಕೆ ಎದುರು ಕಡೆಯ ಲೆಕ್ಕ ನೋಡಿ. 1968ರಲ್ಲಿ ಸ್ಟ್ಯಾನ್ಲಿ ಕುಬ್ರಿಕ್ ‘2001: ಎ ಸ್ಪೇಸ್ ಒಡಿಸ್ಸಿ’ ತೆಗೆದಾಗ, ಹೊಸದಾಗಿ ಬರೆಸಿದ್ದ ಸಂಗೀತವನ್ನು ಪಕ್ಕಕ್ಕಿಟ್ಟು, ಹತ್ತೊಂಬತ್ತನೆಯ ಶತಮಾನದ ವಾಲ್ಟ್ಸ್ ಸಂಗೀತಕ್ಕೆ ಆಕಾಶನೌಕೆಗಳನ್ನು ತೇಲಿಸಿದರು. 1977ರ ‘ಸ್ಟಾರ್ ವಾರ್ಸ್’ ಚಿತ್ರಕ್ಕೆ ಜಾನ್ ವಿಲಿಯಮ್ಸ್ ಲಂಡನ್ ಸಿಂಫನಿ ವಾದ್ಯವೃಂದವನ್ನೇ ಕೂಡಿಸಿದರು. ಯಾಕೆ? ನೋಡುವವನ ಕಣ್ಣಿಗೆ ಎಲ್ಲವೂ ಹೊಸದಾಗಿರುವಾಗ ಕಿವಿಗಾದರೂ ಒಂದು ಪರಿಚಿತ ಕೈ ಹಿಡಿದುಕೊಳ್ಳಲು ಬೇಕು. ಯಂತ್ರದ ಶಬ್ದ ಯಂತ್ರದ ಬಗ್ಗೆ ಹೇಳುತ್ತದೆ. ಯಂತ್ರದೊಳಗೆ ಕುಳಿತವನ ಎದೆ ಹೊಡೆದುಕೊಳ್ಳುವುದನ್ನು ಹೇಳಲು ಪಿಟೀಲು ಬೇಕು. ಈ ಸಾಲಿನಲ್ಲಿ ನನ್ನ ಜಮೆ ಪಿಟೀಲಿನ ಕಡೆಗೇ.

ಮೂರನೆಯವರು, “ಇದೆಲ್ಲಾ ಬಿಳಿಯರ ಸರಕು, ನಮ್ಮದೇನಿದೆ ಇದರಲ್ಲಿ?” ಎನ್ನುವವರು. ಅವರಿಗೆ ನಾನು ಒಂದೇ ಹೆಸರು ಹೇಳುವುದುಂಟು: ಮೈಸೂರು ಟಿ. ಚೌಡಯ್ಯ. ಪಿಟೀಲು ಪಶ್ಚಿಮದಿಂದ ಬಂದ ವಾದ್ಯ. ಸುಮಾರು ಇನ್ನೂರು ವರ್ಷಗಳ ಹಿಂದೆ ಬಾಲುಸ್ವಾಮಿ ದೀಕ್ಷಿತರಂಥವರು ಅದನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದರು. ತಿರುಮಕೂಡಲಿನ ಕಡೆಯವರಾದ ಚೌಡಯ್ಯನವರು ನಾಲ್ಕು ತಂತಿ ಸಾಲದೆಂದು ಏಳು ತಂತಿ ಕಟ್ಟಿ ನುಡಿಸಿದರು. ಬೆಂಗಳೂರಿನಲ್ಲಿ ಅವರ ಹೆಸರಿನ ಸಭಾಂಗಣವನ್ನು ಪಿಟೀಲಿನ ಆಕಾರದಲ್ಲೇ ಕಟ್ಟಿದ್ದಾರೆ. ಇಷ್ಟಾದ ಮೇಲೂ ಅದನ್ನು ಪರರ ವಾದ್ಯ ಎನ್ನುವುದುಂಟೆ? ಮಗ್ಗಕ್ಕೆ ಜಕಾರ್ಡ್ ಬಂದದ್ದೂ ಫ್ರಾನ್ಸಿನಿಂದ. ಸಿರುಮುಗೈಯ ರೇಷ್ಮೆ ಸೀರೆ ಫ್ರಾನ್ಸಿನದ್ದಾಗಿಬಿಟ್ಟಿತೇನು?

ಇಲ್ಲಿ ಹಿನ್ನೆಲೆ ಸಂಗೀತ ಹೇಗೆ ತಯಾರಾಗುತ್ತಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ. ನಮ್ಮ ತಮಿಳು ಸ್ನೇಹಿತರು ಇದನ್ನು ‘ರೀ-ರೆಕಾರ್ಡಿಂಗ್’ ಎನ್ನುತ್ತಾರೆ. ಸಾವಿರ ಅಡಿಯ ಒಂದು ರೀಲು ನಿಮಿಷಕ್ಕೆ 90 ಅಡಿಯಂತೆ ಓಡಿದರೆ ಸುಮಾರು 11 ನಿಮಿಷ. ಎರಡೂವರೆ ಗಂಟೆಯ ಚಿತ್ರಕ್ಕೆ ಹದಿಮೂರು ಹದಿನಾಲ್ಕು ರೀಲು. ಮಾತು ಮುಗಿದ ರೀಲನ್ನು ಒಂದೊಂದಾಗಿ ಪರದೆಯ ಮೇಲೆ ಓಡಿಸಿ ನೋಡುವುದು, ಎಲ್ಲಿ ಸಂಗೀತ ಬೇಕು, ಎಲ್ಲಿ ಮೌನವೇ ಸಾಕು ಎಂದು ಗುರುತು ಹಾಕುವುದು. ಇಳಯರಾಜಾ ಅವರ ವಿಶೇಷವೆಂದರೆ ಪ್ರತಿ ವಾದ್ಯಕ್ಕೂ ಏನು ನುಡಿಸಬೇಕೆಂಬುದನ್ನು ತಾವೇ ಕಾಗದದ ಮೇಲೆ ಸ್ವರಲಿಪಿಯಲ್ಲಿ ಬರೆದುಕೊಡುವುದು. ಪಿಟೀಲಿನವರಿಗೆ ಒಂದು ಹಾಳೆ, ಕೊಳಲಿನವರಿಗೆ ಒಂದು ಹಾಳೆ, ಚೆಲ್ಲೊದವರಿಗೆ ಇನ್ನೊಂದು. ಎಲ್ಲರೂ ಒಟ್ಟಿಗೆ ನುಡಿಸಿದಾಗಲೇ ಪೂರ್ತಿ ಚಿತ್ರ. ನನಗೆ ಇದು ವರ್ಷಾಂತ್ಯದ ಲೆಕ್ಕದಂತೆ ಕಾಣುತ್ತದೆ. ಪ್ರತಿ ಗುಮಾಸ್ತನ ಮುಂದೆ ಒಂದೊಂದು ಲೆಡ್ಜರು. ಮೊತ್ತ ತಾಳೆಯಾಗುವುದು ಬರೆದವನ ತಲೆಯೊಳಗೆ.

ಸಿಂಗೀತಂ ಅವರಿಗೂ ಸಂಗೀತದ ಬೆಲೆ ಚೆನ್ನಾಗಿ ಗೊತ್ತಿತ್ತು. ‘ಭಾಗ್ಯದ ಲಕ್ಷ್ಮಿ ಬಾರಮ್ಮ’ ಚಿತ್ರಕ್ಕೆ ನಿರ್ದೇಶನದ ಜೊತೆಗೆ ಸಂಗೀತವನ್ನೂ ಅವರೇ ಕೊಟ್ಟಿದ್ದರು. ಆಮೇಲೆ 1987ರಲ್ಲಿ ಬೆಂಗಳೂರಿನಲ್ಲಿ ‘ಪುಷ್ಪಕ ವಿಮಾನ’ ತೆಗೆದರು. ಅದರಲ್ಲಿ ಒಂದೇ ಒಂದು ಮಾತಿಲ್ಲ. ಎಲ್. ವೈದ್ಯನಾಥನ್ ಅವರ ಸಂಗೀತ ಮತ್ತು ನಟರ ಮುಖ, ಎರಡೇ. ತಮಿಳರು, ಕನ್ನಡಿಗರು, ತೆಲುಗರು, ಮಲಯಾಳಿಗಳು ಒಂದೇ ಸಾಲಿನಲ್ಲಿ ಕುಳಿತು ಒಂದೇ ಕ್ಷಣದಲ್ಲಿ ನಕ್ಕರು. ಯಾರಿಗೂ ಪಕ್ಕದವನನ್ನು “ಏನಂದ?” ಎಂದು ಕೇಳಬೇಕಾಗಲಿಲ್ಲ.

ಇದೇ ನಮ್ಮನ್ನು ನಾಲ್ಕನೆಯ ವಾದಕ್ಕೆ ತರುತ್ತದೆ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದು ಇದೇ. ಆ ರಾಜ ಯಾರವನು?

ತೆಲುಗು ಮನೆಮಾತಿನ ಸ್ನೇಹಿತರು ಹೇಳುತ್ತಾರೆ, ‘ಆಮುಕ್ತಮಾಲ್ಯದ’ ಬರೆದ ಕವಿ, ನಮ್ಮವನು. ನಾವು ಹೇಳುತ್ತೇವೆ, ‘ಕನ್ನಡ ರಾಜ್ಯ ರಮಾರಮಣ’ ಎಂದು ಬಿರುದು ಹೊತ್ತವನು, ನಮ್ಮವನು. ಡಬ್ ಆದ ಚಿತ್ರದಲ್ಲಿ ಅವನು ಅಚ್ಚ ತಮಿಳು ಮಾತನಾಡುತ್ತಾನೆ. ನನ್ನ ಮೊಮ್ಮಗ ಒಂದು ದಿನ ಕೇಳಿದ, “ತಾತಾ, ಈ ರಾಜ ಯಾವ ಭಾಷೆಯವನು?” ಪ್ರಶ್ನೆಯನ್ನೂ ಅವನು ಕೇಳಿದ್ದು ತಮಿಳಿನಲ್ಲಿ. ಕೃಷ್ಣದೇವರಾಯನ ಕಾಲದ ಶಾಸನಗಳು ಕನ್ನಡ, ತೆಲುಗು, ತಮಿಳು, ಸಂಸ್ಕೃತ ನಾಲ್ಕರಲ್ಲೂ ಇವೆ ಎಂದು ನಾನು ಹೇಳಿದೆ. ಅವನು ಸ್ವಲ್ಪ ಯೋಚಿಸಿ, “ಅಂದರೆ ನಮ್ಮ ಮನೆ ಥರ” ಎಂದ.

ಶ್ರೋತೃಗಳೆ, ಆ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಕೊಯಮತ್ತೂರಿನ ಎಷ್ಟೋ ದೇವಾಂಗ ಮನೆಗಳಲ್ಲಿ ಹಿರಿಯರು ಹೇಳುತ್ತಾರೆ, ವಿಜಯನಗರದ ಕಾಲದಲ್ಲಿ ಘಾಟಿ ಇಳಿದು ಬಂದವರು ನಾವು ಎಂದು. ದಿಂಬಂ ಘಾಟಿಯ 27 ತಿರುವುಗಳನ್ನು ಈಗ ಬಸ್ಸಿನಲ್ಲಿ ಹತ್ತಿ ಇಳಿಯುವ ನಮಗೆ, ತಲೆಯ ಮೇಲೆ ಗಂಟು ಹೊತ್ತು ನಡೆದವರ ಹೆಸರು ಗೊತ್ತಿಲ್ಲ. ಉಳಿದದ್ದು ಚೌಡೇಶ್ವರಿ ಅಮ್ಮನ ಹಬ್ಬ, ವಿಜಯದಶಮಿಯ ಕತ್ತಿ ಮೆರವಣಿಗೆ, ಅಡುಗೆಮನೆಯ ಕನ್ನಡ. ಬೇರೆಯವರು 1526ಕ್ಕೆ ಹೋಗಲು ಟಿಕೆಟ್ಟು ಕೊಂಡರೆ, ನಾವು ಅಲ್ಲಿಂದಲೇ ಹೊರಟು ಬಂದವರು. ಆಸ್ಥಾನದ ನೃತ್ಯದ ಹಾಡು ಕರ್ನಾಟಕ ಸಂಗೀತದ ಧಾಟಿಯಲ್ಲಿ ಏಳುವಾಗ ಅದು ತೆಲುಗೂ ಅಲ್ಲ, ತಮಿಳೂ ಅಲ್ಲ, ಕನ್ನಡವೂ ಅಲ್ಲ. ಹಾಗಾಗಿ ಮೂವರದ್ದೂ ಹೌದು. ಮಾತನ್ನು ಡಬ್ ಮಾಡಬಹುದು. ವಾದ್ಯಕ್ಕೆ ಡಬ್ಬಿಂಗ್ ಬೇಡ.

ಕೊನೆಯದಾಗಿ ಹೊಸ ತಲೆಮಾರಿನ ವಾದ. 2025ರ ಏಪ್ರಿಲ್‌ನಲ್ಲಿ ‘ಆದಿತ್ಯ 369’ ಹೊಸದಾಗಿ ತಿದ್ದಿದ ಪ್ರತಿಯಾಗಿ ಮತ್ತೆ ತೆರೆಗೆ ಬಂದಿತು. 2010ರ ‘ಎಂದಿರನ್’, 2018ರ ‘2.0’ ನೋಡಿ, ಎ.ಆರ್. ರೆಹಮಾನ್ ಅವರ ಸಂಗೀತ ಕೇಳಿ ಬೆಳೆದ ಹುಡುಗರು ಇದರ ಯಂತ್ರವನ್ನು ಕಂಡು ಆಟಿಕೆ ಎಂದು ನಗುತ್ತಾರೆ. ನಗಲಿ. ತಂತ್ರ ಹಳೆಯದಾಗುವುದು ತಂತ್ರದ ಧರ್ಮ. ಅದೇ 2025ರ ಮಾರ್ಚ್ 8ರಂದು ಲಂಡನ್ನಿನಲ್ಲಿ ಇಳಯರಾಜಾ ಅವರ ‘ವೇಲಿಯಂಟ್’ ಸಿಂಫನಿಯನ್ನು ರಾಯಲ್ ಫಿಲ್ಹಾರ್ಮಾನಿಕ್ ಬಳಗದವರು ನುಡಿಸಿದರು. ಹಳೆಯ ಯಂತ್ರ ನಗೆಪಾಟಲಾದ ಹೊತ್ತಿನಲ್ಲೇ ಅದಕ್ಕೆ ಸಂಗೀತ ಬರೆದ ಕೈ ಹೊಸದೊಂದನ್ನು ಲೋಕದ ಮುಂದಿಟ್ಟಿತು. ರೆಹಮಾನ್ ಅವರೂ 1992ರ ‘ರೋಜಾ’ಕ್ಕೆ ಮೊದಲು ಇಳಯರಾಜಾ ಅವರ ಬಳಗದಲ್ಲಿ ಕೀಬೋರ್ಡ್ ನುಡಿಸಿದವರೇ. ಆದ್ದರಿಂದ ಅಪ್ಪನ ಪಕ್ಷ, ಮಗನ ಪಕ್ಷ ಎಂದು ಜಗಳವಾಡುವ ಮನೆಗಳಲ್ಲಿ ನಾನು ಹೇಳುವುದು, ಎರಡೂ ಒಂದೇ ಖಾತೆಯ ಹಾಳೆಗಳಪ್ಪಾ ಎಂದು.

ನೀವೂ ಒಂದು ಪರೀಕ್ಷೆ ಮಾಡಿ ನೋಡಿ. ಈ ಚಿತ್ರವೋ, ಯಾವುದಾದರೂ ಚಿತ್ರವೋ ಮನೆಯ ಟಿ.ವಿ.ಯಲ್ಲಿ ಬಂದಾಗ ಹತ್ತು ನಿಮಿಷ ಪರದೆಗೆ ಬೆನ್ನು ಹಾಕಿ ಕುಳಿತು ಬರಿಯ ಕಿವಿಯಿಂದ ನೋಡಿ. ಆಮೇಲೆ ಹತ್ತು ನಿಮಿಷ ಸದ್ದು ಆರಿಸಿ ಬರಿಯ ಕಣ್ಣಿನಿಂದ ನೋಡಿ. ಯಾವುದು ಹೆಚ್ಚು ಬೇಸರ ತರಿಸಿತು ಎಂದು ಮನೆಯವರನ್ನೆಲ್ಲ ಕೇಳಿ. ಜಗಳ ಹುಟ್ಟದಿದ್ದರೆ ಹೇಳಿ.

ಆದರೆ ಆ ಜಗಳವನ್ನು ದಯವಿಟ್ಟು ಕನ್ನಡದಲ್ಲಿ ಆಡಿ. ಇದೇ ಈ ಭಾಷಣದ ಅಸಲು. ಉಳಿದದ್ದು ಬಡ್ಡಿ. ಶಾಲೆ, ಕಚೇರಿ, ಸಂತೆ ಎಲ್ಲಕ್ಕೂ ತಮಿಳಿದೆ. ಅದು ನಮಗೆ ಅನ್ನ ಕೊಟ್ಟ ಭಾಷೆ, ಅದರ ಮೇಲೆ ನಮಗೆ ಯಾವ ದೂರೂ ಇಲ್ಲ. ಕನ್ನಡ ಮಾತ್ರ “ಊಟ ಆಯ್ತಾ, ಬಾಗಿಲು ಹಾಕು” ಎನ್ನುವಷ್ಟಕ್ಕೆ ಬಂದು ನಿಂತಿದೆ. ಅಪ್ಪಣೆ ಕೊಡಲು ಹತ್ತು ಮಾತು ಸಾಕು. ಪಿಟೀಲು ಹಿತವಾಗಿತ್ತೋ, ಕೊಳಲು ಕರುಳು ಹಿಂಡಿತೋ, ಕಹಳೆ ಅತಿಯಾಯಿತೋ, ಆ ಮೌನ ಯಾಕೆ ಹೆದರಿಸಿತೋ ಎಂದು ವಾದಿಸಲು ನೂರಾರು ಮಾತು ಬೇಕು. ಬಳಸದ ಖಾತೆಯಂತೆ ಬಳಸದ ಮಾತೂ ನಿಷ್ಕ್ರಿಯವಾಗುತ್ತದೆ. ಮಕ್ಕಳು ತಪ್ಪು ಕನ್ನಡದಲ್ಲಿ ಎದುರು ವಾದಿಸಿದರೂ ಸರಿಯೇ, ನಗಬೇಡಿ. ತಪ್ಪು ಮಾತಾದರೂ ಜಮೆಯೇ.

ಕಾಲಯಂತ್ರಕ್ಕೆ ಪಿಟೀಲು ಬೇಕೋ ಬೇಡವೋ, ತೀರ್ಪು ನಿಮ್ಮದು. ಮನೆಯಲ್ಲಿ ಮಾತಾಡಿ ನೋಡಿ.