ಮೇಲಿನ ಗಾಳಿಯ ಲೆಕ್ಕ



ಓಜೋನ್ ಎಂದೊಡನೆ ನಮಗೆ ನೆನಪಾಗುವುದು ಅಂಟಾರ್ಕ್ಟಿಕದ ‘ರಂಧ್ರ’. 1985ರಲ್ಲಿ ಫಾರ್ಮನ್, ಗಾರ್ಡಿನರ್, ಶಾಂಕ್ಲಿನ್ ಎಂಬ ಮೂವರು ಬ್ರಿಟಿಷ್ ವಿಜ್ಞಾನಿಗಳು ಹ್ಯಾಲಿ ಬೇ ಕೇಂದ್ರದ ಅಳತೆಗಳನ್ನು ಪ್ರಕಟಿಸಿದಾಗ ಜಗತ್ತು ಬೆಚ್ಚಿತು. ಅಕ್ಟೋಬರಿನಲ್ಲಿ ಸುಮಾರು 300 ಡಾಬ್ಸನ್ ಮಾನದಷ್ಟಿರುತ್ತಿದ್ದ ಓಜೋನ್ 200ರ ಆಸುಪಾಸಿಗೆ ಇಳಿದಿತ್ತು. 300 ಮಾನವೆಂದರೆ, ಅಷ್ಟೂ ಓಜೋನನ್ನು ನೆಲಮಟ್ಟಕ್ಕೆ ತಂದು ಹರಡಿದರೆ ಕೇವಲ 3 ಮಿಲಿಮೀಟರ್ ದಪ್ಪ! ಆದರೆ ನಾನಿಂದು ಹೇಳಹೊರಟಿರುವುದು ನಮ್ಮ ತಲೆಯ ಮೇಲಿನ ಆಕಾಶವನ್ನು ಕುರಿತು.

ಒಂದು ಒಗಟಿನಿಂದ ತೊಡಗುತ್ತೇನೆ. ಓಜೋನ್ ಹುಟ್ಟುವುದು ಬಹುಪಾಲು ಉಷ್ಣವಲಯದ ಸ್ತರಗೋಳದಲ್ಲಿ. ಸೂರ್ಯನ ಅತಿನೇರಳೆ ಕಿರಣ ಆಮ್ಲಜನಕದ ಅಣುವನ್ನು ಒಡೆಯುತ್ತದೆ. ಬಿಡಿಯಾದ ಪರಮಾಣು ಇನ್ನೊಂದು ಅಣುವನ್ನು ಸೇರುತ್ತದೆ. ಹಾಗಾದರೆ ಓಜೋನ್ ನಮ್ಮ ಮೇಲೆಯೇ ಹೆಚ್ಚಿರಬೇಕಲ್ಲವೆ? ಇಲ್ಲ. ಸಮಭಾಜಕದ ಸುತ್ತ ಅದು ಸುಮಾರು 250ರಿಂದ 280 ಮಾನ. ಉತ್ತರದ ಉನ್ನತ ಅಕ್ಷಾಂಶಗಳಲ್ಲಿ ವಸಂತದ ಹೊತ್ತಿಗೆ 400ನ್ನೂ ಮೀರುತ್ತದೆ. ಕಾರಣ ಗಾಳಿ. ಉಷ್ಣವಲಯದಲ್ಲಿ ಮೆಲ್ಲನೆ ಮೇಲೇರಿ, ಧ್ರುವಗಳತ್ತ ಸರಿದು, ಅಲ್ಲಿ ಕೆಳಗಿಳಿಯುವ ಪ್ರವಾಹಕ್ಕೆ ಬ್ರೂವರ್-ಡಾಬ್ಸನ್ ಪರಿಚಲನೆ ಎಂದು ಹೆಸರು. 1949ರಲ್ಲಿ ಬ್ರೂವರ್ ಇದನ್ನು ಊಹಿಸಿದ್ದು ಸ್ತರಗೋಳದ ವಿಪರೀತ ಶುಷ್ಕತೆಯನ್ನು ಕಂಡು. ಹುಟ್ಟುವುದೊಂದೆಡೆ, ನೆಲೆಸುವುದು ಇನ್ನೊಂದೆಡೆ. ಹೊರನಾಡಿಗರಾದ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

1987ರ ಮಾಂಟ್ರಿಯಲ್ ಒಪ್ಪಂದ ಫಲ ನೀಡಿದೆ. 2022ರ ಅಂತರರಾಷ್ಟ್ರೀಯ ಪರಾಮರ್ಶೆಯಂತೆ ಓಜೋನ್ 1980ರ ಮಟ್ಟಕ್ಕೆ ಮರಳುವುದು ಅಂಟಾರ್ಕ್ಟಿಕದಲ್ಲಿ 2066ರ ಸುಮಾರಿಗೆ, ಆರ್ಕ್ಟಿಕದಲ್ಲಿ 2045ಕ್ಕೆ, ಉಳಿದೆಡೆ 2040ಕ್ಕೆ. ಈ ‘ಉಳಿದೆಡೆ’ ಎಂಬ ಮಾತನ್ನು ನಾನು ಸುಲಭವಾಗಿ ಒಪ್ಪಲಾರೆ. ಅದು ಸರಾಸರಿಯ ಮಾತು. ಭೂಮಿ ಬಿಸಿಯಾದಂತೆ ಈ ಪರಿಚಲನೆ ಚುರುಕಾಗುವುದೆಂದು ಗಣಕ ಮಾದರಿಗಳು ಹೇಳುತ್ತವೆ. ಗಾಳಿ ಬೇಗ ಮೇಲೇರಿದರೆ ಅದರಲ್ಲಿ ಓಜೋನ್ ಕೂಡಿಕೊಳ್ಳಲು ಸಮಯ ಸಾಲದು. ಉಷ್ಣವಲಯದ ಕೆಳಸ್ತರಗೋಳ ಬಡವಾಗುತ್ತದೆ. ಮೊದಲೇ ಅತಿನೇರಳೆ ಕಿರಣ ಹೆಚ್ಚಾಗಿ ಬೀಳುವ ನೆಲ ನಮ್ಮದು. ಆದರೆ ಬಲೂನುಗಳ ದೀರ್ಘಕಾಲದ ಅಳತೆಗಳು ಮಾದರಿಗಳೊಡನೆ ಪೂರ್ತಿ ಹೊಂದಿಕೊಂಡಿಲ್ಲ. ವಾದ ಮುಗಿದಿಲ್ಲ.

ಅದನ್ನು ಮುಗಿಸಬಲ್ಲದ್ದು ಅಳತೆಯೊಂದೇ. ದಶಕಕ್ಕೆ ಶೇಕಡಾ ಒಂದೆರಡರ ವ್ಯತ್ಯಾಸ ವರ್ಷ ವರ್ಷದ ಏರಿಳಿತದಲ್ಲಿ ಹುದುಗಿಹೋಗುತ್ತದೆ. ಉಪಗ್ರಹದ ಆಯುಸ್ಸು ಕೆಲವೇ ವರ್ಷ. ಒಂದರ ಲೆಕ್ಕವನ್ನು ಮತ್ತೊಂದಕ್ಕೆ ಜೋಡಿಸಲು ನೆಲದ ಮೇಲಿನ ಹಳೆಯ ಉಪಕರಣವೇ ಬೇಕು. ಸ್ವಿಟ್ಜರ್ಲೆಂಡಿನ ಅರೋಸಾದಲ್ಲಿ ಈ ಲೆಕ್ಕ 1926ರಲ್ಲಿಯೇ ಆರಂಭವಾಯಿತು.

ನಮ್ಮಲ್ಲಿಯೂ ಅಂಥ ತಾಳ್ಮೆಯವರಿದ್ದರು. ರಾಮನ್ನರ ಶಿಷ್ಯ ಕೆ. ಆರ್. ರಾಮನಾಥನ್ ಅಂತರರಾಷ್ಟ್ರೀಯ ಓಜೋನ್ ಆಯೋಗದ ಅಧ್ಯಕ್ಷರಾಗಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಮನ್ನರ ಬಳಿ ವಜ್ರ, ಮಾಣಿಕ್ಯಗಳನ್ನು ಅಭ್ಯಸಿಸಿದ ಅಣ್ಣಾ ಮಣಿಯವರಿಗೆ, ಎಂ.ಎಸ್ಸಿ. ಇಲ್ಲವೆಂಬ ಕಾರಣದಿಂದ ಡಾಕ್ಟರೇಟು ದೊರೆಯಲಿಲ್ಲ. ಮುಂದೆ ಹವಾಮಾನ ಇಲಾಖೆಯಲ್ಲಿದ್ದು, ಬಲೂನಿಗೆ ಕಟ್ಟಿ ಹಾರಿಸುವ ಓಜೋನ್ ಮಾಪಕವನ್ನು ಈ ದೇಶದಲ್ಲಿಯೇ ರೂಪಿಸಿದವರು ಅವರೇ.

ಇನ್ನು ನಿಮ್ಮ ಪ್ರಶ್ನೆಗಳಿಗೆ ಕಾಯುತ್ತೇನೆ.